ಇಲ್ಲದ ತಮ್ಮನಿಗೆ ಒಂದು ಬೈಕ್

ಪ್ರಶ್ನೆ: ನನಗೆ 38 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಮನೆಯಲ್ಲಿ ಗಂಡ ಮತ್ತು 11 ವರ್ಷದ ಮಗಳು. ಎರಡು ವರ್ಷದಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಶನಿವಾರ ಕೆಲಸ ಮುಗಿದ ಮೇಲೆ ಯಾವುದಾದರೂ ಬೈಕ್ ಶೋರೂಮಿಗೆ ಹೋಗಿ ಒಂದು ಗಂಟೆ ಬೈಕುಗಳನ್ನು ನೋಡುತ್ತೇನೆ. ಕೊಳ್ಳುವ ಯೋಚನೆ ಇಲ್ಲ. ಗೇರ್ ಬೈಕ್ ಓಡಿಸಲು ಬರುವುದೂ ಇಲ್ಲ. ಆದರೂ ನನ್ನ ಇಡೀ ವಾರದಲ್ಲಿ ಅದೇ ಒಳ್ಳೆಯ ಗಂಟೆ. ಒಳಗೆ ಕಾಲಿಟ್ಟರೆ ‘ಯಾರಿಗೆ ಮೇಡಂ?’ ಎಂದು ಕೇಳುತ್ತಾರೆ. ಒಂದು ಕಡೆ ‘ನನ್ನ ತಮ್ಮನಿಗೆ’ ಎಂದುಬಿಟ್ಟೆ. ನನಗೆ ತಮ್ಮನೇ ಇಲ್ಲ. ‘ಅವರ ಎತ್ತರ ಎಷ್ಟು?’ ಎಂದು ಕೇಳಿದ ಅಲ್ಲಿನ ಹುಡುಗ. ಐದು ಅಡಿ ಹತ್ತು ಇಂಚು ಎಂದೆ. ನಾನು ಐದು ಅಡಿ ಒಂದಿಂಚು. ನಾಲ್ಕು ಸಲ ಹೋದಾಗಲೂ ಅವನು ತಾಳ್ಮೆಯಿಂದ ಎಲ್ಲ ವಿವರಿಸಿದ. ಫೋನ್ ನಂಬರ್ ಕೊಟ್ಟೆ. ಈಗ ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ. ಮೊನ್ನೆ ಗಂಡ ‘ಯಾರದು?’ ಎಂದರು. ‘ಇನ್ಶೂರೆನ್ಸ್‌ನವರು’ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಹುಚ್ಚನ್ನು ಬಿಟ್ಟುಬಿಡಲಾ?
— ಹೆಸರು ಬೇಡ

ಉತ್ತರ:

ಬಿಡಬೇಡಿ. ಬೈಕ್ ನೋಡುವುದನ್ನು ಬಿಡಬೇಡಿ, ತಮ್ಮನನ್ನು ಬಿಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ತಪ್ಪು ಎಂದುಕೊಂಡಿರುವುದು ಒಂದು, ನಿಮ್ಮ ನಿದ್ದೆ ಕೆಡಿಸಿರುವುದು ಇನ್ನೊಂದು. ಕೊಳ್ಳದೆ ನೋಡುವುದೇ ತಪ್ಪು ಎಂದು ನೀವು ಅಂದುಕೊಂಡಿದ್ದೀರಿ. ಆದರೆ ಎರಡು ವರ್ಷ ನೋಡುತ್ತಲೇ ಇದ್ದಿರಿ, ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ನಿದ್ದೆ ಕೆಟ್ಟಿದ್ದು, ಇಲ್ಲದ ತಮ್ಮನ ಹೆಸರಿನಲ್ಲಿ ಫೋನ್ ಬರಲು ಶುರುವಾದ ಮೇಲೆ, ಅಲ್ವಾ?

ಈ ಅಭ್ಯಾಸ ನನಗೂ ಇದೆ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದ ಕೂಡಲೇ ಮೂಗಿಗೆ ಬಡಿಯುವ ಹೊಸ ರಬ್ಬರಿನ ವಾಸನೆ ನನಗೆ ಇಷ್ಟ. ಇನ್ನೂ ರಸ್ತೆ ಕಾಣದ ಟಯರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ನಿಂತಿರುತ್ತದಲ್ಲ, ಅದನ್ನು ಬೆರಳಿನಿಂದ ಮುಟ್ಟುವುದು ಇಷ್ಟ. ಹಾಗಾಗಿ ‘ಇದರಿಂದ ಏನು ಉಪಯೋಗ’ ಎಂದು ನಾನು ನಿಮ್ಮನ್ನು ಕೇಳುವುದಿಲ್ಲ. ಚೆನ್ನಾಗಿ ಮಾಡಿದ ವಸ್ತುವನ್ನು ಹತ್ತಿರದಿಂದ ನೋಡಬೇಕು ಎನ್ನುವ ಆಸೆಗೆ ಬೇರೆ ಕಾರಣ ಬೇಕಿಲ್ಲ. ಬೈಕಿನಲ್ಲಂತೂ ಅದಕ್ಕೆ ಜಾಸ್ತಿ ಅವಕಾಶ ಇದೆ. ಕಾರಿನ ಎಂಜಿನ್ ಬಾನೆಟ್ ಒಳಗೆ ಅಡಗಿರುತ್ತದೆ. ಹೆಚ್ಚಿನ ಬೈಕುಗಳಲ್ಲಿ ಅದು ಕಣ್ಣೆದುರೇ ಇರುತ್ತದೆ. ಮಾಡಿದವರ ಯೋಚನೆಯೂ ಹೊರಗೇ ಕಾಣುತ್ತದೆ.

ಮೊದಲು ಆ ಹುಡುಗನ ವಿಷಯ. ಅದು ಅರ್ಜೆಂಟು.

ಅವನು ನಿಮ್ಮನ್ನು ಪೀಡಿಸುತ್ತಿಲ್ಲ, ತನ್ನ ಕೆಲಸ ಮಾಡುತ್ತಿದ್ದಾನೆ. ಸಾಮಾನ್ಯವಾಗಿ ಶೋರೂಮಿನಲ್ಲಿ ನಂಬರ್ ಕೊಟ್ಟ ಪ್ರತಿಯೊಬ್ಬರೂ ಒಂದು ವಿಚಾರಣೆ ಎಂದು ದಾಖಲಾಗುತ್ತಾರೆ. ‘ಆ ಮೇಡಂ ಏನೆಂದರು, ಯಾವಾಗ ಬುಕ್ ಮಾಡುತ್ತಾರೆ’ ಎಂದು ಅವನ ಮೇಲಿನವರು ಕೇಳುತ್ತಾರೆ. ತಿಂಗಳಿಗಿಷ್ಟು ಬೈಕ್ ಮಾರಬೇಕು ಎಂಬ ಲೆಕ್ಕ ಇರುತ್ತದೆ. ನಿಮ್ಮ ತಮ್ಮ ಆ ಲೆಕ್ಕದಲ್ಲಿ ಸೇರಿಕೊಂಡಿದ್ದಾನೆ. ಲೆಕ್ಕಪತ್ರ ನೋಡುವವರು ನೀವು. ಬರಬೇಕಾದ್ದು ಎಂದು ಬರೆದಿಟ್ಟದ್ದು ಎಂದೂ ಬರುವುದಿಲ್ಲ ಎಂದು ಬೇಗ ಗೊತ್ತಾದರೆ ಎಷ್ಟು ಒಳ್ಳೆಯದು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಅವನ ಫೋನಿಗೆ ಕಾಯಬೇಡಿ. ನೀವೇ ಮಾಡಿ. ‘ತಮ್ಮ ಬೇರೆ ಬೈಕ್ ತಗೊಂಡ’ ಎಂದು ಹೇಳಿ ಮುಗಿಸುವ ಆಸೆ ಆಗುತ್ತದೆ. ಅದು ಬೇಡ. ಅದನ್ನು ಹೇಳಿದರೆ ಆ ಶೋರೂಮಿಗೆ ಮತ್ತೆ ಹೋಗಲು ನಿಮಗೆ ಮುಖ ಇರುವುದಿಲ್ಲ. ಹೀಗೆ ಹೇಳಿ: ‘ನನಗೆ ತಮ್ಮ ಇಲ್ಲ. ಬೈಕ್ ನೋಡುವ ಆಸೆ ನನ್ನದೇ. ಸಂಕೋಚದಿಂದ ಸುಳ್ಳು ಹೇಳಿದೆ. ನಿಮ್ಮ ಸಮಯ ಹಾಳಾಯಿತು, ಕ್ಷಮಿಸಿ. ನನ್ನ ನಂಬರ್ ತೆಗೆದುಬಿಡಿ.’ ಅಷ್ಟೇ ಸಾಕು. ಅವನು ಬೇಸರ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ, ಅದಕ್ಕೆ ಅವನಿಗೆ ಕಾರಣ ಇದೆ. ಅವನ ತಾಳ್ಮೆ, ತಿಳಿವಳಿಕೆ ನಿಮಗೆ ನಿಜವಾಗಿ ಹಿಡಿಸಿದ್ದರೆ ಒಂದು ಕೆಲಸ ಮಾಡಬಹುದು. ಅವನ ಮ್ಯಾನೇಜರ್‌ಗೆ ಎರಡು ಸಾಲು ಒಳ್ಳೆಯ ಮಾತು ಬರೆದು ಕಳಿಸಿ. ಮುಂದೆ ಯಾರಾದರೂ ನಿಮ್ಮ ಹತ್ತಿರ ‘ಬೈಕ್ ಎಲ್ಲಿ ನೋಡಲಿ’ ಎಂದು ಕೇಳಿದಾಗ ಅವನ ಹೆಸರು ಹೇಳಿ. ಅದು ಅವನಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಈಗ ಆ ಎತ್ತರದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಟ್ಟಿದ ಮಾತು ಅದು. ಐದು ಅಡಿ ಹತ್ತು ಇಂಚು. ಅಂದರೆ ನಾಲ್ಕು ಶನಿವಾರ ಆ ಹುಡುಗ ಬೈಕ್ ತೋರಿಸಿದ್ದು ನಿಮಗಲ್ಲ. ಇಲ್ಲದ ಒಬ್ಬ ಗಂಡಸಿನ ಕಾಲುಗಳಿಗೆ ತೋರಿಸಿದ. ನೀವು ಪಕ್ಕದಲ್ಲಿ ನಿಂತು ಮೈಲೇಜ್ ಕೇಳಿದಿರಿ, ಕಂತು ಕೇಳಿದಿರಿ, ತಲೆಯಾಡಿಸಿದಿರಿ. ನಿಮ್ಮ ಒಳ್ಳೆಯ ಒಂದು ಗಂಟೆಯಲ್ಲಿ ಅರ್ಧ ಗಂಟೆ ತಮ್ಮನಿಗೇ ಹೋಯಿತು. ಸುಳ್ಳಿನಿಂದ ಆ ಹುಡುಗನಿಗೆ ನಷ್ಟವಾಯಿತು, ನಿಜ. ನಿಮಗೂ ನಷ್ಟವಾಯಿತು. ಅದನ್ನು ನೀವು ಗಮನಿಸಿದಂತೆ ಕಾಣಲಿಲ್ಲ.

ನೀವು ಒಂದು ಸಲವಾದರೂ ಬೈಕಿನ ಮೇಲೆ ಕೂತಿದ್ದೀರಾ? ಪತ್ರದಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ಮುಂದಿನ ಸಲ ಕೂತು ನೋಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು ನೆಲದಿಂದ 805 ಮಿಲಿಮೀಟರ್ ಎತ್ತರದಲ್ಲಿದೆ. ಹಿಮಾಲಯನ್ 450ರದ್ದು ತಗ್ಗಿಸಿದಾಗ 825. ಹೋಂಡಾ ರೆಬೆಲ್ 500ರ ಸೀಟು ಬರೀ 690. ಕಾಗದದ ಮೇಲೆ ಇವು ಸುಮ್ನೆ ಅಂಕಿಗಳು. ಕೂತಾಗ ಗೊತ್ತಾಗುತ್ತದೆ. ಒಂದರಲ್ಲಿ ನಿಮ್ಮ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತದೆ, ಇನ್ನೊಂದರಲ್ಲಿ ಇಡೀ ಪಾದ ಊರುತ್ತದೆ. ಎತ್ತರ ಒಂದೇ ಆದರೂ ಸೀಟು ಮುಂದೆ ಸಪೂರ ಇದ್ದರೆ ಕಾಲು ಇನ್ನೂ ಕೆಳಗೆ ಇಳಿಯುತ್ತದೆ. ಇದೆಲ್ಲ ತಮ್ಮನ ಮೂಲಕ ತಿಳಿಯುವ ವಿಷಯವಲ್ಲ.

ಆದರೆ ಕೇಳಿಯೇ ಕೂರಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಹಲವು ವರ್ಷದ ಹಿಂದೆ ನಾನು ಯಾರನ್ನೂ ಕೇಳದೆ ಒಂದು ಬೈಕ್ ಹತ್ತಿದ್ದೆ. ನೇರ ನಿಲ್ಲಿಸಿ ಸೈಡ್ ಸ್ಟ್ಯಾಂಡ್ ಎತ್ತಿದೆ. ಬೈಕ್ ಬಲಕ್ಕೆ ವಾಲಿತು. ಕ್ಲಾಸಿಕ್ 350ರ ತೂಕ 195 ಕಿಲೋ. ನಾನು ಹತ್ತಿದ್ದು ಹೆಚ್ಚುಕಮ್ಮಿ ಅಷ್ಟೇ ತೂಕದ್ದು. ಒಂದು ಹಂತ ದಾಟಿ ವಾಲಿದ ಮೇಲೆ ಅದನ್ನು ತಡೆಯಲು ನನ್ನ ಕೈಲಿ ಆಗಲಿಲ್ಲ. ಒರೆಸುತ್ತಾ ನಿಂತಿದ್ದ ಹುಡುಗನೊಬ್ಬ ಓಡಿಬಂದು ಹೆಗಲು ಕೊಟ್ಟ. ಇಲ್ಲದಿದ್ದರೆ ಪಕ್ಕದ ಬೈಕು, ಅದರ ಪಕ್ಕದ್ದು, ಎಲ್ಲವೂ ಸಾಲಾಗಿ ಬೀಳುತ್ತಿದ್ದವು. ಅವನ ಮೊಣಕೈ ತರಚಿತ್ತು. ನನಗೆ ಈಗಲೂ ನೆನಪಿದೆ. ಹಾಗಾಗಿ ಸಿಬ್ಬಂದಿಯಲ್ಲಿ ಒಬ್ಬರು ಹ್ಯಾಂಡಲ್ ಹಿಡಿದು ನಿಂತಿರಲಿ. ಸೈಡ್ ಸ್ಟ್ಯಾಂಡ್ ಇಳಿಸಿಯೇ ಇರಲಿ. ಉಂಗುರ, ಬಳೆ, ಬ್ಯಾಗಿನ ಜಿಪ್ ಟ್ಯಾಂಕಿಗೆ ತಾಗದಂತೆ ನೋಡಿಕೊಳ್ಳಿ. ಆ ಬೈಕ್ ಬೇರೆ ಯಾರೋ ಉಳಿತಾಯ ಮಾಡಿ ಕೊಳ್ಳಲಿರುವುದು.

‘ಯಾರಿಗೆ ಮೇಡಂ?’ ಎಂಬ ಪ್ರಶ್ನೆ ನಿಮಗೆ ಚುಚ್ಚಿದೆ. ಚುಚ್ಚುವಂಥದ್ದೇ. ಗಂಡಸೊಬ್ಬ ಒಳಗೆ ಬಂದರೆ ‘ಯಾವುದು ನೋಡುತ್ತೀರಿ ಸರ್?’ ಎನ್ನುತ್ತಾರೆ. ಹೆಂಗಸು ಬಂದರೆ ‘ಯಾರಿಗೆ?’ ತೆರೇಸಾ ವಾಲಕ್ ಎಂಬ ಬ್ರಿಟಿಷ್ ಹೆಣ್ಣುಮಗಳ ಕತೆ ಹೇಳುತ್ತೇನೆ. 1934ರ ಡಿಸೆಂಬರಿನಲ್ಲಿ ಆಕೆ ಗೆಳತಿ ಫ್ಲಾರೆನ್ಸ್ ಬ್ಲೆಂಕಿರನ್ ಜೊತೆ ಲಂಡನ್ನಿನಿಂದ ಹೊರಟಳು. 600 ಸಿಸಿಯ ಪ್ಯಾಂಥರ್ ಬೈಕು. ಅದಕ್ಕೊಂದು ಸೈಡ್‌ಕಾರ್, ಹಿಂದೊಂದು ಟ್ರೈಲರ್. ಸಹಾರಾ ಮರುಭೂಮಿ ದಾಟಿ 1935ರ ಜುಲೈನಲ್ಲಿ ಕೇಪ್‌ಟೌನ್ ಮುಟ್ಟಿದರು. ನನಗೆ ಅದಕ್ಕಿಂತ ಹಿಡಿಸಿದ್ದು ಆಮೇಲಿನ ಮಾತು. ತೆರೇಸಾ ಮುಂದೆ ಅಮೆರಿಕಕ್ಕೆ ಹೋಗಿ ಶಿಕಾಗೋದಲ್ಲಿ ತಾನೇ ಬೈಕ್ ಅಂಗಡಿ ನಡೆಸಿದಳು. ನಂತರ ಬೈಕ್ ಕಲಿಸುವ ಶಾಲೆಯನ್ನೂ ತೆರೆದಳು. ಶೋರೂಮಿನಲ್ಲಿ ಹೆಂಗಸು ನಿಂತಿರುವುದು ಹೊಸದೇನಲ್ಲ. ಕೌಂಟರಿನ ಆ ಕಡೆಯೂ ನಿಂತಿದ್ದಾಳೆ.

ಹಾಗಂತ ನೀವೂ ಕಲಿಯಲೇಬೇಕು, ಓಡಿಸಲೇಬೇಕು ಎಂದು ನಾನು ಹೇಳುತ್ತಿಲ್ಲ. ಆಸೆ ಇದ್ದರೆ ಕಲಿಯಿರಿ, 38 ತಡವಲ್ಲ. ಆಸೆ ನೋಡುವುದರಲ್ಲೇ ಇದ್ದರೆ ಅದನ್ನು ಬೇರೇನೋ ಮಾಡಲು ಹೋಗಬೇಡಿ. ಇನ್ನು ಯಾರಾದರೂ ‘ಯಾರಿಗೆ?’ ಎಂದರೆ, ‘ಈಗ ಕೊಳ್ಳುವುದಿಲ್ಲ. ಬೈಕ್ ನೋಡುವುದು ನನಗಿಷ್ಟ. ಒಂದರ್ಧ ಗಂಟೆ ನೋಡಲಾ?’ ಎನ್ನಿ. ಅನೇಕರು ಸಂತೋಷದಿಂದ ಹೂಂ ಎನ್ನುತ್ತಾರೆ. ಆ ಕೆಲಸಕ್ಕೆ ಬಂದವರಲ್ಲಿ ಬೈಕಿನ ಹುಚ್ಚಿರುವವರು ಬಹಳ. ಬೇಡ ಎಂದರೆ ಥ್ಯಾಂಕ್ಸ್ ಹೇಳಿ ಹೊರಡಿ. ನಂಬರ್ ಕೇಳಿದರೆ ಕೊಡಬೇಡಿ. ಶನಿವಾರ ಮಧ್ಯಾಹ್ನ ಕೊಳ್ಳುವವರ ಗದ್ದಲ. ತಿಂಗಳ ಕೊನೆಯ ದಿನಗಳಲ್ಲಿ ಇನ್ನೂ ಜಾಸ್ತಿ. ರಜೆ ಸಿಕ್ಕ ದಿನ ಬೆಳಿಗ್ಗೆ ಹೋದರೆ ಅವರಿಗೂ ಬಿಡುವು, ನಿಮಗೂ ನೆಮ್ಮದಿ.

ನಿಮ್ಮ ಗಂಡನಿಗೆ ಇವತ್ತೇ ಹೇಳಿ. ಇದರಲ್ಲಿ ಎಳೆದಾಡುವಂಥದ್ದು ಏನೂ ಇಲ್ಲ. ‘ಅದು ಇನ್ಶೂರೆನ್ಸ್ ಅಲ್ಲ, ಬೈಕ್ ಶೋರೂಮ್’ ಎಂದು ಶುರುಮಾಡಿ. ಅವರು ನಗಬಹುದು. ನಕ್ಕರೆ ಸ್ವಲ್ಪ ನೋವಾಗುತ್ತದೆ, ಗೊತ್ತು. ನಿಮಗೆ ಇಷ್ಟು ಇಷ್ಟವಾದದ್ದನ್ನು ಮೊದಲ ಸಲ ಇನ್ನೊಬ್ಬರ ಮುಂದೆ ಇಡುತ್ತಿದ್ದೀರಿ. ಆದರೆ ಅಪರಿಚಿತ ನಂಬರಿನಿಂದ ಪದೇ ಪದೇ ಫೋನ್ ಬಂದು, ಹೆಂಡತಿ ಮಾತು ಮರೆಸಿದರೆ ಅವರ ಮನಸ್ಸಿನಲ್ಲಿ ಏನೇನು ಬರಬಹುದು, ಯೋಚಿಸಿ. ಅದಕ್ಕಿಂತ ನಗು ಎಷ್ಟೋ ವಾಸಿ.

ಇಷ್ಟು ಮುಗಿದ ಮೇಲೆ, ಇನ್ನು ಮುಂದಿನ ಶನಿವಾರಗಳ ಮಾತು. ಪತ್ರಕ್ಕೆ ಉತ್ತರ ಬರೆಯಬೇಕು ಎಂದು ನನಗೆ ಅನ್ನಿಸಿದ್ದೇ ಇದಕ್ಕಾಗಿ.

ಒಂದು ಸಲಕ್ಕೆ ಒಂದೇ ಬೈಕ್ ನೋಡಿ. ಮೇಲಿನಿಂದ ನೋಡಬೇಡಿ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಂಜಿನ್ ಎತ್ತರಕ್ಕೆ ಕಣ್ಣು ತನ್ನಿ. ಸಿಲಿಂಡರಿನ ಸುತ್ತ ಬಾಚಣಿಗೆಯಂತೆ ಹಲ್ಲುಗಳಿದ್ದರೆ ಅದು ಗಾಳಿಗೆ ಬಿಸಿ ಬಿಡುವ ಎಂಜಿನ್. ಮುಂದೆ ಜಾಲರಿಯಂಥ ರೇಡಿಯೇಟರ್ ಇದ್ದರೆ ಅದರೊಳಗೆ ತಂಪು ಮಾಡುವ ದ್ರವ ಓಡುತ್ತದೆ. ಹಿಂದಿನ ಚಕ್ರಕ್ಕೆ ಹೋಗಿರುವುದು ಚೈನೋ, ಬೆಲ್ಟೋ, ಶಾಫ್ಟೋ ನೋಡಿ. ಬುಲೆಟ್ ಸಿಕ್ಕರೆ ಟ್ಯಾಂಕಿನ ಮೇಲಿನ ಗೆರೆಯ ಹತ್ತಿರ ಮುಖ ತನ್ನಿ. ಆ ಗೆರೆಯನ್ನು ಕುಂಚ ಹಿಡಿದು ಕೈಯಲ್ಲೇ ಎಳೆಯುವ ಪದ್ಧತಿ ಇದೆ. ಒಂದೇ ಉಸಿರಿನಲ್ಲಿ ಎಳೆದಂತಿರುತ್ತದೆ.

ಆಮೇಲೆ ಸದ್ದು. ಹಾರ್ಲೆ ಡೇವಿಡ್ಸನ್ನಿನ ಸಾಂಪ್ರದಾಯಿಕ ಎಂಜಿನ್ನಿನಲ್ಲಿ ಎರಡು ಸಿಲಿಂಡರುಗಳ ನಡುವೆ 45 ಡಿಗ್ರಿ ಕೋನ ಇರುತ್ತದೆ. ಎರಡೂ ಪಿಸ್ಟನ್ನುಗಳು ಕ್ರ್ಯಾಂಕಿನ, ಅಂದರೆ ಅವುಗಳ ಏರಿಳಿತದಿಂದ ಗಿರ್ರನೆ ತಿರುಗುವ ದಂಡದ, ಒಂದೇ ಪಿನ್ನಿಗೆ ಸೇರಿರುತ್ತವೆ. ಹಾಗಾಗಿ ಒಂದು ಸಿಡಿತಕ್ಕೂ ಇನ್ನೊಂದಕ್ಕೂ ಅಂತರ ಸಮ ಇಲ್ಲ. ಒಮ್ಮೆ ಕ್ರ್ಯಾಂಕ್ 315 ಡಿಗ್ರಿ ತಿರುಗಿದ ಮೇಲೆ, ಮತ್ತೊಮ್ಮೆ 405 ಡಿಗ್ರಿ ತಿರುಗಿದ ಮೇಲೆ. ಆ ಕುಂಟುವ ತಾಳ ಹುಟ್ಟುವುದು ಅದರಿಂದ. 1969ರ ಹೋಂಡಾ ಸಿಬಿ 750ರಂಥ ನಾಲ್ಕು ಸಿಲಿಂಡರ್ ಬೈಕು ಹಾಗಲ್ಲ. ಅದರದ್ದು ಸರಾಗ ದನಿ, ಬಟ್ಟೆ ಹರಿದ ಹಾಗೆ ಒಂದೇ ಎಳೆ. ಇಷ್ಟು ತಿಳಿದುಕೊಂಡು ರಸ್ತೆಯಲ್ಲಿ ನಿಂತರೆ ಬೈಕ್ ಕಾಣುವ ಮೊದಲೇ ಎಂಜಿನ್ ಯಾವ ಬಗೆಯದು ಎಂದು ಗುರುತು ಹಿಡಿಯಬಹುದು. ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಮಗಳಿಗೆ ಇಷ್ಟವಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ. ಆ ವಯಸ್ಸಿನ ಮಕ್ಕಳ ಕಣ್ಣು, ಕಿವಿ ನಮಗಿಂತ ಚುರುಕು.

ಕೊನೆಗೆ ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ಬಿಎಂಡಬ್ಲ್ಯೂ ಶೋರೂಮ್ ಎಲ್ಲಾದರೂ ಸಿಕ್ಕರೆ, ಬಾಕ್ಸರ್ ಎಂಜಿನ್ ಇರುವ ಬೈಕ್ ಯಾವುದು ಎಂದು ಕೇಳಿ. ಎಂಜಿನ್ನಿನ ಎರಡೂ ಪಕ್ಕ ಒಂದೊಂದು ಸಿಲಿಂಡರ್ ಹೊರಗೆ ಚಾಚಿರುತ್ತದೆ. 1923ರ ಆರ್ 32ರಿಂದ ಇವತ್ತಿನವರೆಗೂ ಅವರು ಆ ವಿನ್ಯಾಸ ಬಿಟ್ಟಿಲ್ಲ. ಡೆಮೊ ಬೈಕ್ ಇದ್ದರೆ ಹೊರಗೆ ನಿಲ್ಲಿಸಿ ಸ್ಟಾರ್ಟ್ ಮಾಡಿ ಎಂದು ಕೇಳಿಕೊಳ್ಳಿ. ಕ್ರ್ಯಾಂಕ್ ಬೈಕಿನ ಉದ್ದಕ್ಕೆ ತಿರುಗುವುದರಿಂದ, ನಿಂತಲ್ಲೇ ಆಕ್ಸಿಲರೇಟರ್ ಕೊಟ್ಟ ಕೂಡಲೇ ಇಡೀ ಬೈಕ್ ಒಂದು ಪಕ್ಕಕ್ಕೆ ಮೆಲ್ಲಗೆ ವಾಲುತ್ತದೆ. ಯಾವ ಪಕ್ಕಕ್ಕೆ ವಾಲಿತು ಎಂದು ನೋಡಿ ನನಗೆ ಬರೆಯಿರಿ.