ನಿದ್ದೆ ಬಂದರೆ ಮಲಗಿಬಿಡಿ

ಪ್ರಿಯ ಸಹೋದರಿ,

ಬೆಟಗೇರಿಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಯಜಮಾನರ ಎರಡೂ ಕಿಡ್ನಿ ಕೆಟ್ಟು ಒಂದೂವರೆ ವರ್ಷವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಹೋದಾಗೆಲ್ಲ ನಾಲ್ಕು ತಾಸು. ಉಳಿದ ಹೊತ್ತು ಹೊಲಿಗೆ ಮಶೀನು, ಸಂಘದ ಸಾಲದ ಕಂತು, ಪಿಯುಸಿ ಓದುವ ಮಗಳು. ರಾತ್ರಿ ಮೊಣಕಾಲೂರಿದರೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ, ಹಾಗೇ ನಿದ್ದೆ ಹೋಗುತ್ತೀರಿ. ‘ಸಾಕಾಗಿದೆ, ದೇವರು ನನ್ನನ್ನು ಕರಕೊಂಡರೆ ಒಳ್ಳೆಯದು’ ಅಂತ ಬರೆದಿದ್ದೀರಿ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, ‘ನಂಬಿಕೆ ಗಟ್ಟಿ ಇದ್ದಿದ್ದರೆ ಇಷ್ಟೊತ್ತಿಗೆ ಗುಣ ಆಗಿರುತ್ತಿತ್ತು’ ಅಂದರಂತೆ. ಅದು ನಿಜವಾ ಅಂತ ಕೇಳಿದ್ದೀರಿ.

ನಿಜವಲ್ಲ. ಆ ಮಾತು ಓದಿ ನನಗೆ ಸಿಟ್ಟೇ ಬಂತು. ತನ್ನ ಶರೀರದ ಮುಳ್ಳನ್ನು, ಅಂದರೆ ಬಿಡದೆ ಕಾಡಿದ ಬಾಧೆಯನ್ನು, ತೆಗೆ ಅಂತ ಅಪೊಸ್ತಲ ಪೌಲ ಮೂರು ಸಲ ದೇವರನ್ನು ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಪೌಲನ ನಂಬಿಕೆ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ನಿಮ್ಮ ‘ಸಾಕಾಗಿದೆ’ ಅನ್ನುವ ಮಾತು ಬೈಬಲಿನಲ್ಲೇ ಇದೆ. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯ ತೆಗೆದು ನೋಡಿ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳ ಅನ್ನುವ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತವನು. ಅಂಥವನು ರಾಣಿ ಈಜೆಬೆಲಳ ಬೆದರಿಕೆಗೆ ಓಡಿದ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಅಡವಿಯಲ್ಲಿ ಒಂದು ದಿನ ನಡೆದು, ಗಿಡದ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂದ. ಆಮೇಲೆ ಮಲಗಿಬಿಟ್ಟ.

ದೇವದೂತ ಬಂದು ಏನು ಮಾಡಿದ? ಬೈಯಲಿಲ್ಲ. ‘ಎದ್ದು ಊಟ ಮಾಡು’ ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಎಲೀಯ ತಿಂದು ಮತ್ತೆ ಮಲಗಿದ. ಆಗಲೂ ಬೈಗುಳ ಇಲ್ಲ, ಎರಡನೇ ಸಲವೂ ಊಟಕ್ಕೇ ಎಬ್ಬಿಸಿದ. ದಾರಿ ದೂರ ಇದೆ, ಅದಕ್ಕೇ ತಿನ್ನು ಅಂದ. ‘ಇಲ್ಲೇನು ಮಾಡುತ್ತೀ’ ಅಂತ ದೇವರು ಕೇಳಿದ್ದು 40 ದಿನದ ದಾರಿ ಮುಗಿದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಅಷ್ಟು ತಾಳ್ಮೆ ಆತನಿಗೆ ನಿಮ್ಮ ಮೇಲೂ ಇದೆ.

‘ನಾನೊಬ್ಬನೇ ಉಳಿದಿದ್ದೇನೆ’ ಅಂತ ಎಲೀಯ ಗೋಳಾಡಿದಾಗ ದೇವರು ಬಾಳನಿಗೆ ಅಡ್ಡಬೀಳದ 7,000 ಜನರ ಲೆಕ್ಕ ಹೇಳಿದ, ಎಲೀಷನನ್ನು ಜೊತೆಗೆ ಕೊಟ್ಟ. ನಿಮಗೂ ಜೊತೆ ಬೇಕು. ಸಭೆಯ ಅಯ್ಯನವರನ್ನು ಈ ಭಾನುವಾರವೇ ಕಾಣಿ. ‘ಪ್ರಾರ್ಥನೆ ಮಾಡಿ’ ಅಂತಷ್ಟೇ ಹೇಳಿ ಬರಬೇಡಿ. ವಾರದಲ್ಲಿ ಒಂದು ದಿನ ಯಜಮಾನರ ಜೊತೆ ಆಸ್ಪತ್ರೆಗೆ ಹೋಗುವವರು ಬೇಕು, ಆ ದಿನದ ಅಡುಗೆ ಯಾರಾದರೂ ತಂದುಕೊಡಬೇಕು ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಆಗುತ್ತೆ, ಗೊತ್ತು. ಆದರೆ ಒಬ್ಬರ ಭಾರ ಒಬ್ಬರು ಹೊರಬೇಕು ಅಂತ ಪೌಲ ಗಲಾತ್ಯದವರಿಗೆ ಬರೆದದ್ದು ಇಂಥ ಹೊತ್ತಿಗೇ ಅಲ್ವಾ?

ಇನ್ನೊಂದು ಮಾತು. ಸಾಯಬೇಕು ಅನ್ನುವ ಯೋಚನೆ ಪದೇ ಪದೇ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫೋನ್ ಮಾಡಿದರೆ ನಂಬಿಕೆ ಬಿಟ್ಟಂತೆ ಆಗುವುದಿಲ್ಲ. ರೊಟ್ಟಿ ತಿಂದ ಎಲೀಯ ನಂಬಿಕೆ ಬಿಟ್ಟಿರಲಿಲ್ಲ.

ಪ್ರಾರ್ಥನೆಗೆ ಮಾತು ಬಾರದ ದಿನ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿನ ಸಾಲು ಬರುವುದಿಲ್ಲ. ಆದರೂ ಅದು ದೇವರಿಗೇ ಹೇಳಿದ ಮಾತು. ಅರ್ಧ ಓದುವಷ್ಟರಲ್ಲಿ ಕಣ್ಣು ಮುಚ್ಚಿದರೆ ಪುಸ್ತಕ ಪಕ್ಕಕ್ಕಿಟ್ಟು ಮಲಗಿಬಿಡಿ.