ಮಳೆ ಜೋರಾದಾಗಲೇ ಕರೆಂಟ್ ಹೋದರೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ನೆಲಮಾಳಿಗೆಗೆ ನುಗ್ಗುವ ನೀರಿನವೇ. ಉತ್ತರಕ್ಕೆ ಮೊದಲು ಒಂದು ಮಾತು. ಸಂಪ್ ಅಂದಕೂಡಲೇ ನಮಗೆ ಬಳಕೆಯ ನೀರು ತುಂಬಿಡುವ ತೊಟ್ಟಿ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ನೆಲಮಾಳಿಗೆಯ ತೀರಾ ತಗ್ಗಿನ ಜಾಗದಲ್ಲಿ ತೋಡಿರುವ ಗುಂಡಿ ಇದು. ಪಾಯದ ಸುತ್ತ ಒಸರುವ ನೀರು ಬಂದು ಇದಕ್ಕೆ ಬೀಳುತ್ತದೆ, ಪಂಪ್ ಅದನ್ನು ಎತ್ತಿ ಹೊರಗೆ ಹಾಕುತ್ತದೆ. ಅದು ತುಂಬಿರಬೇಕಾದ ಸಂಪ್, ಇದು ಖಾಲಿ ಇರಬೇಕಾದ ಸಂಪ್.

ಪ್ರಶ್ನೆ: ನಮ್ಮಲ್ಲಿ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪ್ ಇದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಹೋದ ತಿಂಗಳು ರಾತ್ರಿ ಮಳೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ಇಳಿದು ನೋಡಿದರೆ ಮೊಣಕಾಲುದ್ದ ನೀರು! ಇನ್ವರ್ಟರ್ ಹಾಕಿಸಿದರೆ ಸಾಕೇ? ಎಷ್ಟು ದೊಡ್ಡದು ಬೇಕು?
— ನಿದ್ದೆಗೆಟ್ಟವರು

ಉತ್ತರ: ಮೂವತ್ತು ವರ್ಷ ಮೋಟಾರ್ ರಿವೈಂಡಿಂಗ್ ಮಾಡಿದವನು ನಾನು. ಆದರೂ ನನ್ನ ಮನೆಯ ನೆಲಮಾಳಿಗೆ ಒಮ್ಮೆ ಮುಳುಗಿದೆ. ಬ್ಯಾಟರಿ ಇತ್ತು, ಇನ್ವರ್ಟರ್ ಇತ್ತು. ಅದಕ್ಕೆ ಆರು ವಾರ ಮೊದಲು ಡ್ರಿಲ್ ಮೆಷಿನ್ ಹಾಕೋಕೆ ಅಂತ ಚಾರ್ಜರಿನ ಪ್ಲಗ್ ಕಿತ್ತಿದ್ದೆ. ಮತ್ತೆ ಹಾಕಿರಲಿಲ್ಲ. ಅಷ್ಟೇ ಕಥೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಅಂಗಡಿಗೆ ಹೋಗುವ ಮೊದಲು ಗುಂಡಿಯ ಹತ್ತಿರ ಹೋಗಿ. ಜೋರು ಮಳೆ ಬರುತ್ತಿರುವಾಗ ಪಂಪ್ ಆಫ್ ಮಾಡಿ, ಒಂದು ಪಟ್ಟಿ ಇಳಿಬಿಟ್ಟು, ಒಂದು ನಿಮಿಷಕ್ಕೆ ನೀರು ಎಷ್ಟು ಏರಿತು ಅಂತ ನೋಡಿ. ಗುಂಡಿ 45 ಸೆಂ.ಮೀ. ಅಗಲದ ದುಂಡನೆಯದಾದರೆ, ಒಂದು ಸೆಂ.ಮೀ. ಏರಿಕೆ ಅಂದರೆ ಸುಮಾರು 1.6 ಲೀಟರ್. ನಿಮಿಷಕ್ಕೆ 5 ಸೆಂ.ಮೀ. ಏರಿದರೆ 8 ಲೀಟರ್, ಗಂಟೆಗೆ 480 ಲೀಟರ್. ನಿಮ್ಮ ಪಂಪ್ ನಿಮಿಷಕ್ಕೆ 100 ಲೀಟರ್ ಎತ್ತುತ್ತದೆ ಅಂದುಕೊಳ್ಳಿ. ಗಂಟೆಗೆ ಐದು ನಿಮಿಷ ಓಡಿದರೆ ಸಾಕು.

12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದರೆ ಲೆಕ್ಕದಲ್ಲಿ 1800 ವ್ಯಾಟ್‌ಅವರ್. ಸೀಸದ ಬ್ಯಾಟರಿಯನ್ನು ಪೂರ್ತಿ ಹೀರಬಾರದು, ಅರ್ಧ ಸಾಕು. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಕಳೆದರೆ ಕೈಗೆ ಬರುವುದು 750ರ ಆಸುಪಾಸು. ಅರ್ಧ ಎಚ್‌ಪಿ ಪಂಪ್ ಓಡುವಾಗ 650 ವ್ಯಾಟ್ ಎಳೆಯುತ್ತದೆ ಅನ್ನಿ. ಇನ್ವರ್ಟರ್ ಸುಮ್ನೆ ಕೂತಿದ್ದರೂ ಒಂದಿಷ್ಟು ತಿನ್ನುತ್ತದೆ. ಎಲ್ಲ ಸೇರಿ ಹತ್ತು ಗಂಟೆ ಕಳೆಯಬಹುದು. ಒಂದು ರಾತ್ರಿಗೆ ಆಯಿತು ಅಲ್ವಾ? ಆದರೆ ನೀರು ಮೂರು ಪಟ್ಟು ಬಂದರೆ ಅದೇ ಬ್ಯಾಟರಿ ನಾಲ್ಕು ಗಂಟೆಗೆ ಕೈ ಎತ್ತುತ್ತದೆ. ಅದಕ್ಕೇ ಅಳತೆ ನಿಮ್ಮ ಗುಂಡಿಯಲ್ಲೇ ಆಗಬೇಕು. ಪಕ್ಕದ ಮನೆಯವರು ಹಾಕಿಸಿದ್ದು ನಿಮಗೆ ಲೆಕ್ಕಕ್ಕಿಲ್ಲ.

ಇನ್ನೊಂದು ತೊಡಕಿದೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಮೂರು-ನಾಲ್ಕು ಪಟ್ಟು ಕರೆಂಟ್ ಎಳೆಯುತ್ತದೆ, ಕೆಲವು ಇನ್ನೂ ಜಾಸ್ತಿ. ದೀಪ, ಫ್ಯಾನಿಗೆ ಇರುವ ಸಣ್ಣ ಇನ್ವರ್ಟರಿಗೆ ಇದನ್ನು ಜೋಡಿಸಿದರೆ ‘ಟಿಕ್’ ಅಂತ ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗುತ್ತದೆ. ಆ ಮೊದಲ ಎಳೆತ ತಡೆಯುವಷ್ಟು ದೊಡ್ಡ, ಮನೆಯ ಕರೆಂಟಿನಂತೆಯೇ ನಯವಾಗಿ ಕೊಡುವ ಸೈನ್ ವೇವ್ ಇನ್ವರ್ಟರನ್ನು ಪಂಪಿಗೆಂದೇ ಪ್ರತ್ಯೇಕ ಇಡಿ.

ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯದು, ಅದೇ ಗುಂಡಿಯಲ್ಲಿ ಬ್ಯಾಟರಿಯಿಂದಲೇ ಓಡುವ ಎರಡನೆಯ ಡಿಸಿ ಪಂಪ್. ಅದರ ಫ್ಲೋಟ್ ಸ್ವಿಚ್, ಅಂದರೆ ನೀರು ಏರಿದಾಗ ತೇಲಿ ಪಂಪ್ ಶುರು ಮಾಡುವ ಸ್ವಿಚ್, ಮೊದಲನೆಯದಕ್ಕಿಂತ ಒಂದು ಗೇಣು ಮೇಲಿರಲಿ. ಇನ್ವರ್ಟರ್ ಕಾಯುವುದು ಕರೆಂಟ್ ಹೋದಾಗ ಮಾತ್ರ. ಮೋಟಾರ್ ಸುಟ್ಟರೆ, ಫ್ಲೋಟ್ ಗೋಡೆಗೆ ಸಿಕ್ಕಿಕೊಂಡರೆ, ಜಾಲರಿಗೆ ಹೂಳು ಕಟ್ಟಿಕೊಂಡರೆ ಅದೇನು ಮಾಡೀತು? ಎರಡನೆಯ ಪಂಪ್ ಆಗಲೂ ಏಳುತ್ತದೆ. ಎರಡು ಪಂಪಿನ ಫ್ಲೋಟ್‌ಗಿಂತಲೂ ಮೇಲೆ, ನೆಲಕ್ಕಿಂತ ಕೆಳಗೆ, ನೀರು ಮುಟ್ಟಿದರೆ ಕೂಗುವ ಅಲಾರಂ ಒಂದು ಇರಲಿ. ಸಣ್ಣ ಡಬ್ಬಿ, ಸಣ್ಣ ಸೆಲ್. ನನ್ನ ಮನೆಯಲ್ಲಿ ಅವತ್ತು ಅದೊಂದು ಇದ್ದಿದ್ದರೆ ನಾನು ಎದ್ದಿರುತ್ತಿದ್ದೆ.

ನಲ್ಲಿ ನೀರಿನ ಒತ್ತಡದಿಂದಲೇ ಓಡುವ ಬ್ಯಾಕಪ್ ಪಂಪ್ ಕೂಡ ಬರುತ್ತದೆ. ಬ್ಯಾಟರಿ ಬೇಡ, ಕರೆಂಟ್ ಬೇಡ. ಎರಡು ಲೀಟರ್ ಎತ್ತಲು ಹೆಚ್ಚುಕಡಿಮೆ ಒಂದು ಲೀಟರ್ ಒಳ್ಳೆಯ ನೀರು ಚೆಲ್ಲುತ್ತದೆ. ಸ್ವಂತ ಬೋರ್‌ವೆಲ್ ಇರುವವರಿಗೆ ಪ್ರಯೋಜನವಿಲ್ಲ, ಕರೆಂಟ್ ಹೋದರೆ ಆ ನೀರೂ ನಿಲ್ಲುತ್ತದೆ. ಗುಂಡಿಯ ಕೊಳೆನೀರು ಕುಡಿಯುವ ನೀರಿನ ಪೈಪಿಗೆ ಹಿಂದೆ ಹೋಗದಂತೆ ವಾಲ್ವ್ ಹಾಕಿಸದೆ ಅದರ ತಂಟೆಗೇ ಹೋಗಬೇಡಿ.

ಪ್ರಶ್ನೆ: ಹಳೆಯ ಕಾರಿನ ಬ್ಯಾಟರಿ ಮನೆಯಲ್ಲೇ ಇದೆ. ಅದನ್ನೇ ಬ್ಯಾಕಪ್ಪಿಗೆ ಇಟ್ಟರೆ?
— ಉಳಿತಾಯದವರು

ಉತ್ತರ: ಬೇಡ. ಕಾರಿನ ಬ್ಯಾಟರಿ ಒಂದೆರಡು ಕ್ಷಣ ಜೋರಾಗಿ ಕೊಡುವುದಕ್ಕೆ ಮಾಡಿದ್ದು. ಅದರ ಪ್ಲೇಟುಗಳು ತೆಳ್ಳಗಿರುತ್ತವೆ. ಗಂಟೆಗಟ್ಟಲೆ ಹೀರಿದರೆ ನಾಲ್ಕಾರು ಸಲಕ್ಕೇ ಸೊರಗುತ್ತದೆ. ಹೆಚ್ಚು ಹೊತ್ತು ನಿಧಾನವಾಗಿ ಕೊಡುವ ಡೀಪ್ ಸೈಕಲ್ ಬ್ಯಾಟರಿಯೇ ಬೇಕು. ನೀರು ಹಾಕುವ ಬಗೆಯದಾದರೆ ಗಾಳಿಯಾಡುವ ಜಾಗದಲ್ಲಿಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. ನೆಲದ ಮೇಲಂತೂ ಇಡಬೇಡಿ. ನೀರಿನಿಂದ ಕಾಪಾಡಬೇಕಾದ ಬ್ಯಾಟರಿಯೇ ಮೊದಲು ಮುಳುಗಿದ್ದನ್ನು ನೋಡಿದ್ದೇನೆ.

ಪ್ರಶ್ನೆ: ಮಳೆ ನಿಂತು ಎರಡು ದಿನವಾದರೂ ಪಂಪ್ ಎರಡೆರಡು ನಿಮಿಷಕ್ಕೆ ಓಡಿ ನಿಲ್ಲುತ್ತಿದೆ. ಪಂಪ್ ಬದಲಾಯಿಸಬೇಕು ಅನ್ನುತ್ತಾರೆ ಪ್ಲಂಬರ್. ನಿಜವೇ?
— ಸದ್ದು ಕೇಳಿ ಸಾಕಾದವರು

ಉತ್ತರ: ಅವಸರ ಬೇಡ. ಪಂಪ್ ನಿಂತ ಕೂಡಲೇ ಕಿವಿಗೊಟ್ಟು ಕೇಳಿ. ಪೈಪಿನಿಂದ ‘ಗಳಗಳ’ ಅಂತ ನೀರು ಇಳಿಯುವ ಸದ್ದು ಬಂದರೆ ತಪ್ಪು ಪಂಪಿನದಲ್ಲ, ಎತ್ತಿದ ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವಿನದು. 40 ಮಿ.ಮೀ. ಪೈಪ್ ಮೂರು ಮೀಟರ್ ಮೇಲಕ್ಕೆ ಹೋಗಿದ್ದರೆ ಅದರಲ್ಲಿ ನಿಲ್ಲುವ ನೀರು ನಾಲ್ಕು ಲೀಟರಿಗೆ ತುಸು ಕಡಿಮೆ, ಅಂದರೆ 3.8 ಲೀಟರಿನಷ್ಟು. ವಾಲ್ವ್ ಹಿಡಿಯದಿದ್ದರೆ ಅಷ್ಟೂ ಗುಂಡಿಗೇ ವಾಪಸ್. ಎತ್ತಿದ್ದನ್ನೇ ಎತ್ತುತ್ತಾ ಮೋಟಾರ್ ಬಿಸಿಯಾಗಿ ಸಾಯುತ್ತದೆ.

ಸದ್ದು ಇಲ್ಲದಿದ್ದರೆ ಹೊರಗೆ ಹೋಗಿ ಪೈಪಿನ ಬಾಯಿ ನೋಡಿ. ಗೋಡೆಯ ಬುಡದಲ್ಲೇ ಸುರಿಯುತ್ತಿದ್ದರೆ ಅದೇ ನೀರು ಮಣ್ಣಿನಲ್ಲಿ ಇಳಿದು ಮತ್ತೆ ಒಳಗೆ ಬರುತ್ತಿದೆ. ಕನಿಷ್ಠ ಮೂರು ಮೀಟರ್ ಆಚೆ, ಇಳಿಜಾರಿನ ಕಡೆಗೆ ಬಿಡಿ. ಚರಂಡಿ ಪೈಪಿಗೆ ಸೇರಿಸಬೇಡಿ. ಮಳೆಗೆ ಅದೂ ತುಂಬಿ ಹಿಂದಕ್ಕೆ ಉಕ್ಕಿದರೆ ಕಥೆ ಬೇರೆಯೇ ಆಗುತ್ತದೆ.

ಅಂದಹಾಗೆ, ಪಂಪಿಗೂ ಚೆಕ್ ವಾಲ್ವಿಗೂ ನಡುವೆ ಪೈಪಿನಲ್ಲಿ 5 ಮಿ.ಮೀ. ತೂತೊಂದು ಇರುತ್ತದೆ. ಸಿಕ್ಕಿಕೊಂಡ ಗಾಳಿ ಹೋಗಲಿ ಅಂತ ಬೇಕೆಂದೇ ಕೊರೆದದ್ದು. ಓಡುವಾಗ ಅಲ್ಲಿಂದ ನೀರು ಚಿಮ್ಮುವುದು ನೋಡಿ, ಲೀಕ್ ಅಂದುಕೊಂಡು ಎಂಸೀಲ್ ಮೆತ್ತುವವರಿದ್ದಾರೆ. ಆಮೇಲೆ ಪಂಪ್ ಓಡುತ್ತದೆ, ನೀರು ಏರುವುದಿಲ್ಲ.

ಪ್ರಶ್ನೆ: ನೆಲಮಾಳಿಗೆಯಲ್ಲಿ ಈಗಾಗಲೇ ಸೊಂಟದುದ್ದ ನೀರಿದೆ. ಇಳಿದು ಪಂಪ್ ಆನ್ ಮಾಡಬಹುದೇ?

ಉತ್ತರ: ಇಳಿಯಬೇಡಿ! ಒಣಗಿದ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆಫ್ ಮಾಡಲು ಆದರೆ ಮಾಡಿ. ಬೋರ್ಡ್ ನೆಲಮಾಳಿಗೆಯಲ್ಲೇ ಇದ್ದರೆ ವಿದ್ಯುತ್ ಇಲಾಖೆಯವರನ್ನು ಕರೆದು ಹೊರಗಿನಿಂದಲೇ ಕರೆಂಟ್ ತೆಗೆಸಿ. ಜನರೇಟರ್ ತಂದರೆ ಮನೆಯ ಹೊರಗೆ, ಕಿಟಕಿ ಬಾಗಿಲಿಂದ ದೂರ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಮತ್ತೆ, ಎಲ್ಲ ನೀರನ್ನು ಒಂದೇ ದಿನ ಎತ್ತಬೇಡಿ. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒತ್ತುತ್ತಿರುತ್ತದೆ. ಒಳಗಿನ ನೀರು ಅದಕ್ಕೆ ಎದುರು ನಿಂತಿದೆ. ದಿನಕ್ಕೆ ಮೂರನೇ ಒಂದು ಭಾಗ ಇಳಿಸಿ, ಗೋಡೆ ನೋಡಿಕೊಳ್ಳಿ.

ಪ್ರಶ್ನೆ: ಪಂಪ್, ಬ್ಯಾಟರಿ, ಅಲಾರಂ ಎಲ್ಲ ಹಾಕಿಸುವಷ್ಟು ಈಗ ಕೈಯಲ್ಲಿ ಹಣವಿಲ್ಲ. ಮೊದಲು ಏನು ಮಾಡಲಿ?
— ಹೊಸದಾಗಿ ಮನೆ ಕೊಂಡವರು

ಉತ್ತರ: ತಲೆ ಎತ್ತಿ ಸೂರು ನೋಡಿ. ನೂರು ಚದರ ಮೀಟರ್ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5000 ಲೀಟರ್ ನೀರು. ಅದಷ್ಟೂ ದೋಣಿಪೈಪಿನಿಂದ ಇಳಿದು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಯಾವ ಪಂಪ್ ತಂದರೂ ಅದಕ್ಕೆ ಬಿಡುವಿಲ್ಲ. ದೋಣಿಯ ಕಸ ತೆಗೆಯಿರಿ, ಪೈಪಿಗೆ ತುಂಡು ಸೇರಿಸಿ ನೀರನ್ನು ದೂರ ಬಿಡಿ. ಗೋಡೆಯ ಸುತ್ತ ಮಣ್ಣು ಏರಿಸಿ ಹೊರಕ್ಕೆ ಇಳಿಜಾರು ಮಾಡಿ. ಗುದ್ದಲಿ, ಒಂದು ಭಾನುವಾರ, ಇಷ್ಟೇ ಖರ್ಚು.

ಇರುವ ಪಂಪನ್ನು ತಿಂಗಳಿಗೊಮ್ಮೆ ನೀರು ಸುರಿದೇ ಪರೀಕ್ಷೆ ಮಾಡಿ. ಫ್ಲೋಟನ್ನು ಕೈಯಲ್ಲಿ ಎತ್ತಿ ನೋಡಿದರೆ ಸಾಲದು. ಅದು ತಾನಾಗಿ ತೇಲುತ್ತದೋ ಇಲ್ಲವೋ ಆಗ ಗೊತ್ತಾಗುವುದಿಲ್ಲ. ಎರಡು ಬಕೆಟ್ ಸುರಿಯಿರಿ, ತಾನಾಗಿ ಶುರುವಾಗಿ ತಾನಾಗಿ ನಿಲ್ಲಬೇಕು. ಮುಂದಿನ ಮಳೆಗೆ ಅದು ಗಂಟೆಗೆ ಎಷ್ಟು ಸಲ ಓಡಿತು ಅಂತ ಎಣಿಸಿ ನನಗೆ ಬರೆಯಿರಿ. ಬ್ಯಾಟರಿಯ ಮಾತು ಆಮೇಲೆ ಆಡೋಣ.