ಪ್ರತಿಕ್ರಿಯೆ: ನಾರ್ವೆಯ ಸಂಧಾನಕಾರರಿಗೆ ಮುಷ್ಕರ ನಿಲ್ಲಿಸುವ ಅಧಿಕಾರ ಇದೆಯಾ?

ನಾರ್ವೆಯ ರಿಕ್ಸ್‌ಮೆಕ್ಲರ್, ಅಂದರೆ ಸರ್ಕಾರ ನೇಮಿಸುವ ಕಾರ್ಮಿಕ ಸಂಧಾನಕಾರರು, ಮುಷ್ಕರ ನಿಲ್ಲಿಸಿ ಅಂತ ಆದೇಶ ಕೊಡಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ಕಾಲ ತಡೆಯಬಹುದು, ಅಷ್ಟೇ. ಮಾತುಕತೆ ಮುರಿದು ಮುಷ್ಕರದ ನೋಟಿಸ್ ಬಂದರೆ, ಸಂಧಾನ ಮುಗಿಯುವ ತನಕ ಕೆಲಸ ನಿಲ್ಲಿಸಬೇಡಿ ಅಂತ ಅವರು ಹೇಳುತ್ತಾರೆ. 10 ದಿನ ಕಳೆದ ಮೇಲೆ ಯಾವ ಕಡೆಯವರಾದರೂ ‘ಸಾಕು’ ಅನ್ನಬಹುದು. ಆಮೇಲೆ 4 ದಿನದಲ್ಲಿ ಮುಗಿಸಲೇಬೇಕು. ತೀರ್ಪು ಕೊಡುವ ಹಕ್ಕು ಅವರಿಗಿಲ್ಲ, ಒಂದು ಪ್ರಸ್ತಾಪ ಮುಂದಿಡಬಹುದು, ಒಪ್ಪುವುದು ಬಿಡುವುದು ಎರಡೂ ಕಡೆಯವರಿಗೆ ಬಿಟ್ಟಿದ್ದು.

2018ರಿಂದ ಈ ಕುರ್ಚಿಯಲ್ಲಿ ಕೂತ ಮಾಟ್ಸ್ ರುಲಾಂಡ್ ಕಾನೂನು ಓದಿದವರು. ಆದರೆ ಅದೇ ಕಡ್ಡಾಯ ಅಂದುಕೊಳ್ಳಬೇಡಿ, ಹಿಂದೆ ಅಲ್ಲಿದ್ದ ಸ್ವೈನ್ ಲಾಂಗ್ವಾ ಅರ್ಥಶಾಸ್ತ್ರಜ್ಞ. ನನಗನಿಸುವಂತೆ ಇಲ್ಲಿ ಕಾನೂನಿಗಿಂತ ತಾಳ್ಮೆ, ನಿದ್ದೆಗೆಡುವ ಶಕ್ತಿಯೇ ಜಾಸ್ತಿ ಬೇಕು! ಗಡುವು ಮಧ್ಯರಾತ್ರಿಗೆ, ಮಾತು ಮಾತ್ರ ಬೆಳಗಿನ ಜಾವದವರೆಗೂ. ಒಪ್ಪಂದವಾದರೆ ಬಿಸಿ ವಾಫಲ್ ಹಂಚುವ ರೂಢಿ ಇದೆ, ಹಾಗಾಗಿ ಹೊರಗೆ ಕಾಯುವ ಪತ್ರಕರ್ತರು ವಾಫಲ್ ವಾಸನೆ ಬಂತಾ ಅಂತ ನೋಡುತ್ತಿರುತ್ತಾರೆ.

2023ರ ಏಪ್ರಿಲ್‌ನಲ್ಲಿ ಸಂಧಾನ ಕೈಕೊಟ್ಟಿತು. ಎಲ್‌ಒ ಕಾರ್ಮಿಕ ಒಕ್ಕೂಟ, ಎನ್‌ಎಚ್‌ಒ ಮಾಲೀಕರ ಸಂಘ ಒಪ್ಪಲಿಲ್ಲ, ಮುಷ್ಕರ ಶುರುವಾಯಿತು. ನಾಲ್ಕು ದಿನಕ್ಕೆ ಶೇ 5.2ರ ಸಂಬಳ ಏರಿಕೆಗೆ ಇಬ್ಬರೂ ಒಪ್ಪಿದರು. ಜನರ ಜೀವ, ಆರೋಗ್ಯ ಅಥವಾ ಸಮಾಜದ ಮುಖ್ಯ ಹಿತಕ್ಕೇ ಅಪಾಯ ಅನ್ನುವಂತಾದರೆ ಸರ್ಕಾರ ವಿವಾದವನ್ನು ಕಡ್ಡಾಯ ಪಂಚಾಯ್ತಿಗೆ, ಅಂದರೆ ಎರಡೂ ಕಡೆ ಒಪ್ಪಲೇಬೇಕಾದ ತೀರ್ಪಿಗೆ, ಒಪ್ಪಿಸುತ್ತದೆ, ಅದು ಸಂಧಾನಕಾರರ ಕೆಲಸವಲ್ಲ.